ಪಟ್ಟು ಗೊತ್ತು, ಆದರೆ ಹೊತ್ತಿಗೆ ಸರಿಯಾಗಿ ಮೈ ಏಳಲ್ಲ. ನಿಮಗೆಲ್ಲ ಇದು ಹೇಗೆ ಬಂತು?

ಮಲ್ಲೇಶ್ವರ_ಮ್ಯಾಟ್
ನಮಸ್ಕಾರ. ಬೆಂಗಳೂರಿನಲ್ಲಿ ಜೂಡೋ ಕಲಿಯುತ್ತಿದ್ದೇನೆ. ಸೇರಿದ್ದೇ ಮೂವತ್ತು ದಾಟಿದ ಮೇಲೆ. ಆಫೀಸ್ ಮುಗಿಸಿ ಸಂಜೆ ಹೋಗುತ್ತೇನೆ. ಉಚಿಕೋಮಿ ಚೆನ್ನಾಗಿ ಬರುತ್ತೆ. ಗೊತ್ತಿಲ್ಲದವರಿಗೆ: ಎಸೆಯದೆ, ಒಂದೇ ಪಟ್ಟಿಗೆ ಮತ್ತೆ ಮತ್ತೆ ಒಳಹೊಕ್ಕು ಅಭ್ಯಾಸ ಮಾಡೋದು ಉಚಿಕೋಮಿ. ಆದರೆ ರಾಂದೋರಿ, ಅಂದರೆ ಇಬ್ಬರೂ ನಿಜವಾಗಿ ಸೆಣಸಾಡೋದು ಶುರುವಾದ ಕೂಡಲೇ ಕಲಿತದ್ದೆಲ್ಲ ಮಾಯ. ಎದುರಿನವರ ಕಾಲು ಮುಂದೆ ಬಂತು, ಈಗ ಗುಡಿಸಬಹುದು ಅಂತ ಹೊಳೆಯುವಷ್ಟರಲ್ಲಿ ಆ ಕಾಲು ಅಲ್ಲಿರಲ್ಲ. ನನ್ನ ಜೊತೆ ಆಡುವ ಕಾಲೇಜ್ ಹುಡುಗ ನನಗಿಂತ ಹಗುರ. ಅವನು ಪಕ್ಕದವರ ಹತ್ತಿರ ಮಾತಾಡುತ್ತಲೇ ನನ್ನನ್ನು ಕೆಡವುತ್ತಾನೆ.

ಕೋಚ್ ಹೇಳೋದು ಒಂದೇ ಮಾತು. "ಯೋಚನೆ ಮಾಡಬೇಡಿ, ಮೈಗೆ ಬಿಡಿ." ಮೈಗೆ ಬಿಡೋದು ಅಂದರೆ ಏನು ಮಾಡಬೇಕು? ಅದನ್ನು ಕಲಿಸೋಕೆ ಆಗುತ್ತಾ, ಇಲ್ಲ ಚಿಕ್ಕಂದಿನಿಂದ ಆಡಿದವರಿಗೆ ಮಾತ್ರ ಬರುತ್ತಾ? ಕುಸ್ತಿ, ಕಳರಿ, ಕರಾಟೆ, ಯಾವುದೇ ಇರಲಿ, ನಿಮ್ಮ ಅನುಭವ ಹೇಳಿ.

ಸುಮ್ನೆ_ಓದುಗ
ಕಾಯಿರಿ ಸರ್, ತಾನಾಗೇ ಬರುತ್ತೆ. ಎಲ್ಲರಿಗೂ ಹೀಗೇ ಆಗೋದು.

ಮಟ್ಟಿಮಣ್ಣು
ತಾನಾಗೇ ಬರಲ್ಲ. ಇಪ್ಪತ್ತು ವರ್ಷ ಆಡಿಯೂ ಬರದವರನ್ನು ನೋಡಿದ್ದೇನೆ.

ನಾನು ಮೈಸೂರಿನ ಗರಡಿಯಲ್ಲಿ ಬೆಳೆದವನು. ನಮ್ಮಲ್ಲಿ ಹೊಸ ಹುಡುಗ ಬಂದರೆ ಮೊದಲು ಕೈಗೆ ಕೊಡೋದು ಗುದ್ದಲಿ. ಮಟ್ಟಿ ಅಗೆಯಬೇಕು, ಹೆಂಟೆ ಒಡೆಯಬೇಕು, ಕಾಲಲ್ಲಿ ಹದ ಮಾಡಬೇಕು. ಇದು ಬರೀ ಚಾಕರಿ ಅಂತ ಕೆಲವರು ಅಂದುಕೊಂಡು ಬಿಟ್ಟು ಹೋಗುತ್ತಾರೆ. ಅರಿಶಿನ, ಎಣ್ಣೆ, ಮಜ್ಜಿಗೆ ಬಿದ್ದ ಆ ಮಣ್ಣಿನಲ್ಲಿ ಬರಿಗಾಲಲ್ಲಿ ಅಗೆಯುವಾಗ ಕಾಲು ಎಷ್ಟು ಹೂತುಕೊಳ್ಳುತ್ತೆ, ಸೊಂಟ ಎಲ್ಲಿಗೆ ಇಳಿಸಿದರೆ ಬೆನ್ನು ನೋಯಲ್ಲ ಅನ್ನೋದು ಯಾರೂ ಹೇಳದೆ ಗೊತ್ತಾಗುತ್ತೆ. ಆಮೇಲೆ ದಂಡ, ಬಸ್ಕಿ, ಗದೆ. ಗದೆ ತಿರುಗಿಸುವಾಗ ಅದು ಬೆನ್ನ ಹಿಂದೆ ಇರುತ್ತೆ, ಕಣ್ಣಿಗೆ ಬೀಳಲ್ಲ. ತೂಕ ಎತ್ತ ಎಳೆಯುತ್ತಿದೆ ಅಂತ ಭುಜವೇ ಕಂಡುಕೊಳ್ಳಬೇಕು.

ಕುಸ್ತಿ ಹಿಡಿಯೋಕೆ ಬಿಟ್ಟ ಮೇಲೂ ನಮ್ಮ ಉಸ್ತಾದರು ತಕ್ಷಣ ಪಟ್ಟು ಹೇಳಿಕೊಡುತ್ತಿರಲಿಲ್ಲ. ಒಬ್ಬರ ಕತ್ತಿನ ಮೇಲೆ ಇನ್ನೊಬ್ಬರ ಅಂಗೈ, ಹಣೆಗೆ ಹಣೆ. ಸುಮ್ನೆ ತಳ್ಳಾಡಬೇಕು, ಕೆಡವೋ ಹಾಗಿಲ್ಲ. ಮೊದಮೊದಲು ಬೇಜಾರಾಗುತ್ತೆ. ಆದರೆ ಕೆಲವು ತಿಂಗಳಾದ ಮೇಲೆ ಒಂದು ವಿಷಯ ತಿಳಿಯುತ್ತೆ: ಎದುರಿನವನು ಹೆಜ್ಜೆ ಎತ್ತುವ ಮೊದಲು ಅವನ ಕತ್ತು ಒಂದು ಗಳಿಗೆ ಹಗುರವಾಗುತ್ತೆ. ಕಾಲು ಇನ್ನೂ ನೆಲದ ಮೇಲೇ ಇರುತ್ತೆ, ಆದರೆ ಭಾರ ಆಗಲೇ ಇನ್ನೊಂದು ಕಾಲಿಗೆ ಹೋಗಿರುತ್ತೆ. ಅದು ಕಣ್ಣಿಗೆ ಕಾಣಲ್ಲ. ಅಂಗೈಗೆ ಗೊತ್ತಾಗುತ್ತೆ.

ನಿಮ್ಮ ಕಾಲೇಜ್ ಹುಡುಗ ನಿಮ್ಮ ಕಾಲು ನೋಡುತ್ತಲೇ ಇಲ್ಲ. ನಿಮ್ಮ ಕಾಲರ್ ಹಿಡಿದ ಕೈಯಿಂದಲೇ ಅವನಿಗೆ ಎಲ್ಲ ಸಿಗುತ್ತಿದೆ. ಅದಕ್ಕೇ ಮಾತಾಡೋಕೆ ಪುರುಸೊತ್ತು ಇರೋದು.

ಫಿಸಿಯೋ_ಹುಬ್ಬಳ್ಳಿ
ಮೇಲಿನ ಪೋಸ್ಟ್‌ಗೆ ಶರೀರಶಾಸ್ತ್ರದಲ್ಲೂ ಕಾರಣ ಇದೆ. ಕಣ್ಣಿಂದ ನೋಡಿ ಕೈ ಆಡಿಸೋಕೆ ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು ಬೇಕು. ಸ್ಪರ್ಶಕ್ಕೆ ಉತ್ತರ ಕೊಡೋದು ಅದಕ್ಕಿಂತ ಬೇಗ, 150ರ ಸುತ್ತಮುತ್ತ. ಸ್ನಾಯು ತಟ್ಟನೆ ಎಳೆದಾಗ ಬೆನ್ನುಹುರಿಯಿಂದಲೇ ಹೊರಡುವ ಮರುಕ್ರಿಯೆ ಇನ್ನೂ ಬೇಗ. ಈ ಲೆಕ್ಕ ಒಂದೇ ಸೂಚನೆ, ಒಂದೇ ಉತ್ತರ ಇದ್ದಾಗ. ಆಯ್ಕೆ ಜಾಸ್ತಿಯಾದ ಹಾಗೆ ಸಮಯವೂ ಜಾಸ್ತಿ ಹಿಡಿಯುತ್ತೆ. ಹಿಕ್ ಅನ್ನುವ ವಿಜ್ಞಾನಿ 1952ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದರು. ಹತ್ತು ಪಟ್ಟುಗಳನ್ನು ತಲೆಯಲ್ಲಿ ಇಟ್ಟುಕೊಂಡು ಯಾವುದು ಹಾಕಲಿ ಅಂತ ನಿಂತರೆ ತಡವಾಗೋದು ಸಹಜ.

ಇನ್ನು "ಮೈ ಅರಿವು". ಸ್ನಾಯುಗಳ ಒಳಗೆ, ಸ್ನಾಯು ಮೂಳೆಗೆ ಸೇರುವ ಕಡೆ, ಕೀಲುಗಳ ಸುತ್ತ ಎಳೆತ ಮತ್ತು ಒತ್ತಡ ಅಳೆಯುವ ನರದ ತುದಿಗಳಿವೆ. ಕಣ್ಣು ಮುಚ್ಚಿಕೊಂಡೂ ನಿಮ್ಮ ಕೈ ಎಲ್ಲಿದೆ ಅಂತ ಹೇಳಬಲ್ಲಿರಿ ಅಂದರೆ ಮುಖ್ಯವಾಗಿ ಅವುಗಳಿಂದಲೇ. ಇದಕ್ಕೆ ಪ್ರೊಪ್ರಿಯೊಸೆಪ್ಷನ್ ಅನ್ನೋ ಹೆಸರನ್ನು 1906ರಲ್ಲಿ ಕೊಟ್ಟವರು ಷೆರಿಂಗ್ಟನ್ ಅನ್ನುವ ಶರೀರಶಾಸ್ತ್ರಜ್ಞ. ಪಾದ ಉಳುಕಿದರೆ ಇದು ಮಂಕಾಗಬಹುದು. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕೋದಕ್ಕೆ ಇದೂ ಒಂದು ಕಾರಣ. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ. ಪಾದದ ಅಂಚಿನಲ್ಲಿ ಎಷ್ಟು ಸಣ್ಣ ಸಣ್ಣ ಕೆಲಸ ನಡೆಯುತ್ತಿದೆ ಅಂತ ತಿಳಿಯುತ್ತೆ. ಹಲ್ಲುಜ್ಜುವಾಗಲೂ ಮಾಡಬಹುದು, ಆಗ ಕಣ್ಣು ಮಾತ್ರ ತೆರೆದಿರಲಿ.

ಗೋಜು_ಶಿವಮೊಗ್ಗ
ಕುಸ್ತಿ, ಜೂಡೋಗೆ ಇದೆಲ್ಲ ಸರಿ. ಹೊಡೆದಾಟದ ಕಲೆಗೆ ಏನು ಹೇಳುತ್ತೀರಿ? ಕರಾಟೆಯಲ್ಲಿ ಗುದ್ದು ಬಂದು ತಾಗುವ ತನಕ ಯಾರೂ ನಿಮ್ಮನ್ನು ಮುಟ್ಟಲ್ಲ. ಅಂಗೈ ಅಲ್ಲಿ ಏನೂ ಹೇಳಲ್ಲ. ಅಲ್ಲಿ ಕಣ್ಣೇ ಬೇಕು.

ಫಿಸಿಯೋ_ಹುಬ್ಬಳ್ಳಿ
ಹೌದು, ಆದರೆ ಕಣ್ಣು ಎಲ್ಲಿ ನೋಡಬೇಕು ಅನ್ನೋದೇ ಪ್ರಶ್ನೆ. ಮುಷ್ಟಿ ಹೊರಟ ಮೇಲೆ ಅದನ್ನು ನೋಡಿ ತಡೆಯೋಕೆ ಸಮಯ ಸಾಲಲ್ಲ. ಪಳಗಿದವರು ಓದೋದು ಅದಕ್ಕೂ ಮುಂಚಿನ ತಯಾರಿಯನ್ನು. ಭುಜ ಸ್ವಲ್ಪ ಏಳೋದು, ಸೊಂಟ ತಿರುಗೋದು, ಹಿಂದಿನ ಪಾದ ನೆಲ ಒತ್ತೋದು.

ಗೋಜು_ಶಿವಮೊಗ್ಗ
ಅದನ್ನೇ ನಮ್ಮ ಸೆನ್ಸೈ ಬೇರೆ ರೀತಿ ಹೇಳುತ್ತಾರೆ: ಕೈ ನೋಡಬೇಡ, ಎದೆ ನೋಡು, ಉಳಿದದ್ದು ಅಂಚಿನಲ್ಲಿ ಕಾಣಲಿ. ಮತ್ತೆ ದೂರ. ನನ್ನ ಪ್ರಕಾರ ಕರಾಟೆಯಲ್ಲಿ ಮೈ ಎಚ್ಚರ ಅಂದರೆ ಮುಕ್ಕಾಲು ಪಾಲು ದೂರದ ಅಂದಾಜೇ. ಅವರ ಮುಂಗಾಲು ಎಲ್ಲಿಯವರೆಗೆ ತಲುಪುತ್ತೆ ಅನ್ನೋದು ಗೊತ್ತಿದ್ದರೆ ಅರ್ಧ ಗುದ್ದುಗಳಿಗೆ ಉತ್ತರವೇ ಬೇಕಾಗಿಲ್ಲ.

ಬರೀ_ಸ್ಪಾರಿಂಗ್
ಹಾಗಿದ್ದರೆ ವರ್ಷಗಟ್ಟಲೆ ಗಾಳಿಗೆ ಕಾತಾ, ಅಂದರೆ ಒಬ್ಬರೇ ಮಾಡುವ ಗೊತ್ತಾದ ಚಲನೆಗಳ ಸಾಲು, ಮಾಡಿಸೋದು ಯಾಕೆ? ಗಾಳಿ ತಿರುಗಿ ಹೊಡೆಯಲ್ಲ. ನನ್ನ ಅಭಿಪ್ರಾಯ ನೇರ: ಎದುರಾಳಿ ಇಲ್ಲದ ಅಭ್ಯಾಸದಿಂದ ಒಳ್ಳೆ ವ್ಯಾಯಾಮ ಆಗುತ್ತೆ, ಮೈ ಎಚ್ಚರ ಬರಲ್ಲ. ಬೆಲ್ಟ್ ಪರೀಕ್ಷೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾತಾ ಮಾಡಿಸಿ ಫೀಸ್ ತಗೊಳ್ಳೋ ಕ್ಲಾಸ್‌ಗಳು ಊರಿಗೆ ಹತ್ತು ಇವೆ.

ಗೋಜು_ಶಿವಮೊಗ್ಗ
ಫೀಸ್ ಕ್ಲಾಸ್‌ಗಳ ಬಗ್ಗೆ ನಿಮ್ಮ ಸಿಟ್ಟು ನನಗೂ ಇದೆ. ಆದರೆ ಕಾತಾ ಬಗ್ಗೆ ಹೇಳಿದ್ದು ಅರ್ಧ ಸತ್ಯ. ನಮ್ಮ ಗೋಜು-ರ್ಯೂ ಕರಾಟೆ ಶೈಲಿಯಲ್ಲಿ ಸಾಂಚಿನ್ ಅಂತ ಒಂದು ಕಾತಾ ಇದೆ. ನಿಧಾನದ ಹೆಜ್ಜೆ, ಜೋರು ಉಸಿರು. ಮಾಡುತ್ತಿರುವಾಗ ಗುರುಗಳು ಹಿಂದಿನಿಂದ ಬಂದು ಭುಜ, ಬೆನ್ನು, ತೊಡೆ ತಟ್ಟಿ ನೋಡುತ್ತಾರೆ. ಎಲ್ಲಿ ಬಿಗಿ ಇರಬೇಕೋ ಅಲ್ಲಿ ಸಡಿಲ ಇದ್ದರೆ ತಟ್ಟಿದ ಕೂಡಲೇ ನಿಮಗೇ ಗೊತ್ತಾಗುತ್ತೆ. ಆಮೇಲೆ ಕಾಕಿಯೆ: ಇಬ್ಬರೂ ಮುಂಗೈಗೆ ಮುಂಗೈ ತಾಗಿಸಿ, ಬಿಡದೆ, ತಳ್ಳೋದು ಎಳೆಯೋದು. ಅಂದರೆ ಮಟ್ಟಿಮಣ್ಣು ಅವರು ಹೇಳಿದ ತಳ್ಳಾಟವೇ ಕರಾಟೆ ಹುಟ್ಟಿದ ಓಕಿನಾವಾದಲ್ಲೂ ಇದೆ. ಕಾತಾ ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟ ಕ್ಲಾಸ್‌ಗಳದ್ದು ತಪ್ಪು, ಕಾತಾದ್ದಲ್ಲ.

ಬರೀ_ಸ್ಪಾರಿಂಗ್
ಕಾಕಿಯೆ ಮಾಡಿಸೋ ಕ್ಲಾಸ್ ಇದ್ದರೆ ನಾನೇ ಬರುತ್ತೇನೆ. ನೋಡಿದ್ದೇ ಕಡಿಮೆ.

ವಟ್ಟೆಪಾದ
ನಾನು ಕೆಲಸದ ಮೇಲೆ ಕೇರಳದ ಕಣ್ಣೂರಿನಲ್ಲಿದ್ದಾಗ ಕಳರಿಗೆ ಸೇರಿದ್ದೆ. ಅಗೆದು ತಗ್ಗು ಮಾಡಿದ ನೆಲ, 42 ಅಡಿ ಉದ್ದ, 21 ಅಡಿ ಅಗಲ, ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲ ಪೂತ್ತರ, ಅಂದರೆ ದೇವರ ಪೀಠ. ಮೊದಲ ಹಂತ ಮೆಯ್ತಾರಿ, ಬರೀ ಮೈ ಪಳಗಿಸೋದು. ಆಮೇಲೆ ಕೋಲ್ತಾರಿ, ಕೋಲು. ಆಮೇಲೆ ಅಂಗತ್ತಾರಿ, ಲೋಹದ ಆಯುಧ. ಬರಿಗೈ ಹೋರಾಟ ಕೊನೆಗೆ.

ಗುರುಕ್ಕಳ್ ಬಾಯಲ್ಲಿ ವಾಯ್ತಾರಿ ಹೇಳುತ್ತಾರೆ, ನಾವು ಅದಕ್ಕೆ ಸರಿಯಾಗಿ ಆಡುತ್ತೇವೆ. ಕಾಲು ಎತ್ತು, ತಿರುಗು, ತಗ್ಗು, ಹೀಗೆ. ಒಂದು ದಿನ ಅವರು ಗೊತ್ತಿರುವ ಸಾಲನ್ನು ನಡುವೆ ಬದಲಿಸಿಬಿಟ್ಟರು. ಬಾಯಿಪಾಠ ಮಾಡಿದ ನಾವೆಲ್ಲ ಒಂದು ಕಡೆ ತಿರುಗಿದೆವು, ಕಿವಿ ಕೊಟ್ಟು ಆಡುತ್ತಿದ್ದ ಒಬ್ಬಳು ಹುಡುಗಿ ಮಾತ್ರ ಸರಿಯಾದ ಕಡೆ ತಿರುಗಿದಳು. ಅಲ್ಲಿ ಒಂದು ಮಾತಿದೆ, ಮೈಯೆಲ್ಲ ಕಣ್ಣಾಗಬೇಕು ಅಂತ. ಅವತ್ತು ಆ ಹುಡುಗಿಯಲ್ಲಿ ಅದನ್ನು ನೋಡಿದೆ.

ಬರೀ_ಸ್ಪಾರಿಂಗ್ ಅವರಿಗೆ: ಎದುರಾಳಿ ಇಲ್ಲದೆಯೂ ಎಚ್ಚರ ಬೆಳೆಯುತ್ತೆ. ಆದರೆ ಮುಂದೆ ಏನು ಬರುತ್ತೆ ಅಂತ ಮೊದಲೇ ಗೊತ್ತಿರಬಾರದು.

ಯಕ್ಷಹೆಜ್ಜೆ
ಇದು ಯಕ್ಷಗಾನಕ್ಕೂ ಅನ್ವಯಿಸುತ್ತೆ ಅಲ್ವಾ? ಭಾಗವತರು ರಂಗದ ಮೇಲೆ ಲಯ ಏರಿಸಿದರೆ ದಿಗಿಣ ಹೊಡೆಯುತ್ತಿರುವವನು ನಿಂತು ಯೋಚಿಸೋಕೆ ಆಗಲ್ಲ. ಚೆಂಡೆ ಕಾಲಿಗೇ ಕೇಳಿಸಬೇಕು. ವೇಷದ ಭಾರ ಬೇರೆ. ಕಿರೀಟ ಕಟ್ಟಿಕೊಂಡ ಮೇಲೆ ತಲೆ ಎಷ್ಟು ಬಗ್ಗಿಸಬಹುದು ಅನ್ನೋ ಲೆಕ್ಕವೇ ಬದಲಾಗುತ್ತೆ.

ಮಟ್ಟಿಮಣ್ಣು
ಅನ್ವಯಿಸುತ್ತೆ, ಆದರೆ ಒಂದು ವ್ಯತ್ಯಾಸ. ಭಾಗವತರು ನಿಮ್ಮನ್ನು ಬೀಳಿಸೋಕೆ ಹಾಡಲ್ಲ. ನಮ್ಮಲ್ಲಿಗೆ ಭರತನಾಟ್ಯ ಕಲಿತ ಹುಡುಗ ಬಂದಿದ್ದ. ಸಮತೋಲ ಅದ್ಭುತ. ಆದರೆ ಇನ್ನೊಬ್ಬರ ಭಾರ ಮೈಮೇಲೆ ಬಿದ್ದ ಕೂಡಲೇ ಎಲ್ಲ ಹೊಸದು.

ಟಿಕೆಟ್_ಟಿಕೆಟ್
ನಮ್ಮ ತಂದೆ ಬಸ್ ಕಂಡಕ್ಟರ್ ಆಗಿದ್ದರು. ಘಾಟಿ ರಸ್ತೆಯಲ್ಲಿ ಬಸ್ ತಿರುಗುವಾಗ ಒಂದು ಕೈಯಲ್ಲಿ ಟಿಕೆಟ್, ಒಂದು ಕೈಯಲ್ಲಿ ಚಿಲ್ಲರೆ, ಕಂಬಿ ಹಿಡಿಯದೆ ನಿಲ್ಲುತ್ತಿದ್ದರು. ನಾನು ಕುಸ್ತಿ ನೋಡಿದಾಗಲೆಲ್ಲ ಅವರ ಮಂಡಿ ನೆನಪಾಗುತ್ತೆ. ಯಾವಾಗಲೂ ಸ್ವಲ್ಪ ಬಗ್ಗಿರುತ್ತಿತ್ತು, ಬಿಗಿ ಇರುತ್ತಿರಲಿಲ್ಲ.

ಮಲೆನಾಡ_ಜಡಿಮಳೆ
ಬೀಳೋದನ್ನು ಯಾರೂ ಹೇಳಲೇ ಇಲ್ಲ. ನನಗೆ ಮೈ ಎಚ್ಚರ ಬಂದಿದ್ದು ಅಲ್ಲಿಂದಲೇ. ಜೂಡೋದಲ್ಲಿ ಮೊದಲು ಕಲಿಸೋದು ಉಕೆಮಿ. ಗಲ್ಲ ಎದೆಗೆ ಒತ್ತು, ಬೆನ್ನು ದುಂಡಗೆ ಮಾಡು, ಕೈಯಿಂದ ನೆಲಕ್ಕೆ ಬಡಿ. ನಾನು ಕಲಿತದ್ದು ಕಾಲೇಜಿನಲ್ಲಿ. ಬಿಟ್ಟು ಎಷ್ಟೋ ವರ್ಷ ಆಗಿತ್ತು. ಹೋದ ಮಳೆಗಾಲದಲ್ಲಿ ಅಮ್ಮನ ಮನೆ ಅಂಗಳ ಪಾಚಿ ಕಟ್ಟಿತ್ತು. ಕೊಡ ಹಿಡಿದು ಇಳಿಯುವಾಗ ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಜಾರಿದವು. ಕೊಡ ಬಿಟ್ಟಿದ್ದು, ಗಲ್ಲ ಒತ್ತಿದ್ದು, ಎಡಗೈ ಬಡಿದದ್ದು, ಯಾವುದನ್ನೂ ನಾನು ಮಾಡಿದೆ ಅಂತ ಹೇಳೋಕೆ ಆಗಲ್ಲ. ಆಗಿಹೋಗಿತ್ತು. ತಲೆ ಕಲ್ಲು ಚಪ್ಪಡಿಗೆ ತಾಗಲಿಲ್ಲ. ಮೊಣಕೈ ತರಚಿತು, ಅಷ್ಟೇ.

ಬೀಳೋ ಭಯ ಇರೋ ತನಕ ಮೈ ಬಿಗಿಯಾಗಿರುತ್ತೆ. ಬಿಗಿ ಇದ್ದ ಮೈಗೆ ಎದುರಿನವರ ಭಾರ ತಿಳಿಯಲ್ಲ. ಮಲ್ಲೇಶ್ವರ_ಮ್ಯಾಟ್ ಅವರೇ, ನೀವು ರಾಂದೋರಿಯಲ್ಲಿ ಕೈ ಚಾಚಿ ಎದುರಿನವರನ್ನು ದೂರ ಇಡುತ್ತೀರಾ?

ಮಲ್ಲೇಶ್ವರ_ಮ್ಯಾಟ್
ಹೌದು ಮೇಡಂ, ಎರಡೂ ಕೈ ಕಂಬದ ಹಾಗೆ ನೆಟ್ಟಗಿರುತ್ತೆ ಅಂತ ಕೋಚ್ ಕೂಡ ಹೇಳಿದ್ದಾರೆ. ಉಸಿರೂ ಹಿಡಿದುಕೊಂಡಿರುತ್ತೇನೆ. ಮೂರು ನಿಮಿಷಕ್ಕೆ ಸುಸ್ತು.

ಮಲೆನಾಡ_ಜಡಿಮಳೆ
ಹಾಗಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಹಿಡಿತ ಬೆರಳಿನಲ್ಲಿ ಇರಲಿ, ಮೊಣಕೈ ಸಡಿಲ ಬಿಡಿ. ಹೆಜ್ಜೆ ಹಾಕುವಾಗ ಜೋರಾಗಿ ಉಸಿರು ಬಿಡಿ. ಬಿದ್ದರೆ ಬೀಳಲಿ ಅಂತ ಒಂದು ತಿಂಗಳು ಆಡಿ. ಎಷ್ಟು ಸಲ ಬಿದ್ದೆ ಅಂತ ಎಣಿಸಬೇಡಿ.

ಕತ್ತಲಲ್ಲಿ_ಜೂಡೋ
ಕಣ್ಣು ಮುಖ್ಯನಾ ಸ್ಪರ್ಶ ಮುಖ್ಯನಾ ಅಂತ ವಾದ ಮಾಡುವವರು ದೃಷ್ಟಿ ಇಲ್ಲದವರ ಜೂಡೋ ಒಮ್ಮೆ ನೋಡಿ. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಿಂದ ಇದೆ, ಮಹಿಳೆಯರಿಗೆ 2004ರ ಅಥೆನ್ಸ್‌ನಿಂದ. ಒಂದು ದೊಡ್ಡ ವ್ಯತ್ಯಾಸ ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡ ಮೇಲೇ ಆಟ ಶುರು. 2024ರಲ್ಲಿ ಪ್ಯಾರಿಸ್‌ನಲ್ಲಿ ಕಪಿಲ್ ಪರ್ಮಾರ್ 60 ಕೆಜಿ ವಿಭಾಗದಲ್ಲಿ ಕಂಚು ಗೆದ್ದರು. ಪ್ಯಾರಾಲಿಂಪಿಕ್ಸ್ ಜೂಡೋದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಕಂಚಿನ ಪಂದ್ಯ 10-0.

ನಮ್ಮ ಕ್ಲಬ್‌ನಲ್ಲಿ ಈಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಗುರ ರಾಂದೋರಿ ಮಾಡುತ್ತೇವೆ. ಪಕ್ಕದಲ್ಲಿ ಒಬ್ಬರು ಕಾಯುತ್ತಿರಬೇಕು, ಮ್ಯಾಟ್ ಅಂಚಿಗೆ ಬಂದರೆ ತಡೆಯೋಕೆ. ಕಾಲು ಗುಡಿಸುವ ಪಟ್ಟು ನನಗೆ ಕೈಗೂಡಿದ್ದು ಹಾಗೇ. ದೆಯಾಶಿ-ಬರಾಯಿಯಲ್ಲಿ ಎದುರಿನವರ ಪಾದ ನೆಲಕ್ಕೆ ಊರುವ ಹೊತ್ತಿಗೆ, ಭಾರ ಇನ್ನೂ ಪೂರ್ತಿ ಬೀಳುವ ಮುಂಚೆ ಗುಡಿಸಬೇಕು. ಸ್ವಲ್ಪ ಮೊದಲಾದರೆ ಅವರು ಕಾಲು ಎತ್ತಿಬಿಡುತ್ತಾರೆ, ಸ್ವಲ್ಪ ತಡವಾದರೆ ಮರಕ್ಕೆ ಒದ್ದಂತೆ. ಆ ಗಳಿಗೆ ಕಣ್ಣಲ್ಲಿ ಹಿಡಿಯೋಕೆ ನನಗೆ ಯಾವತ್ತೂ ಆಗಲಿಲ್ಲ, ತೋಳಿನ ಹಿಡಿತದಲ್ಲಿ ಆಯಿತು.

ಸುಮ್ನೆ_ಓದುಗ
ಇದು ಹೊಸ ವಿಷಯ. ಧನ್ಯವಾದ.

ಕೋಚ್_ಬೆಳಗಾವಿ
ಕುಸ್ತಿ ಮ್ಯಾಟ್‌ನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. "ಯೋಚನೆ ಮಾಡಬೇಡ" ಅನ್ನೋದು ಉಪಯೋಗ ಇಲ್ಲದ ಸೂಚನೆ. ಯೋಚನೆ ಎಲ್ಲಿ ಇಡಬೇಕು ಅಂತ ಹೇಳಿದರೆ ಉಪಯೋಗ. ಸೊಂಟ ತಿರುಗಿಸು, ಎಡಮಂಡಿ ಬಗ್ಗಿಸು, ಬಲಗೈ ಎಳೆ ಅಂತ ಒಂದೊಂದೇ ಅಂಗ ಹೇಳಿದರೆ ಹುಡುಗರು ಗೊಂಬೆಗಳಾಗುತ್ತಾರೆ. ಅದೇ ಹುಡುಗನಿಗೆ "ಅವನ ಬೆನ್ನನ್ನು ಆ ಹಳದಿ ಗೆರೆ ಮೇಲೆ ಇಡು" ಅಂದರೆ ಸೊಂಟ, ಮಂಡಿ, ಕೈ ಎಲ್ಲ ತಾವೇ ಹೊಂದಿಕೊಳ್ಳುತ್ತವೆ. ಕ್ರೀಡಾ ವಿಜ್ಞಾನದಲ್ಲಿ 1990ರ ದಶಕದ ಕೊನೆಯಿಂದ ಇದರ ಮೇಲೆ ಸಾಕಷ್ಟು ಕೆಲಸ ಆಗಿದೆ. ಗಮನ ನಮ್ಮ ಅಂಗದ ಮೇಲೆ ಇಡುವುದಕ್ಕಿಂತ ಹೊರಗೆ ಆಗಬೇಕಾದ ಕೆಲಸದ ಮೇಲೆ ಇಟ್ಟರೆ ಚಲನೆ ಸಲೀಸಾಗುತ್ತೆ ಅಂತ.

ಎರಡನೆಯದು, ಆಟ ಚಿಕ್ಕದು ಮಾಡಿ. ಪೂರ್ತಿ ಕುಸ್ತಿ ಬೇಡ. ಎದುರಿನವನ ಮಂಡಿ ಮುಟ್ಟಬೇಕು, ನಿನ್ನ ಮಂಡಿ ಮುಟ್ಟಿಸಿಕೊಳ್ಳಬಾರದು, ಇಷ್ಟೇ ಆಟ. ನಾಳೆ ಬರೀ ಮುಂಗೈ ಹಿಡಿದು ಗೆರೆ ಆಚೆ ಎಳೆಯೋದು. ಆಯ್ಕೆ ಎರಡೇ ಇದ್ದಾಗ ಮೈ ಬೇಗ ಕಲಿಯುತ್ತೆ. ಫಿಸಿಯೋ ಸರ್ ಹೇಳಿದ ಹಿಕ್ ಲೆಕ್ಕ ಇಲ್ಲಿ ನಮ್ಮ ಪರ ಕೆಲಸ ಮಾಡುತ್ತೆ.

ಫಿಸಿಯೋ_ಹುಬ್ಬಳ್ಳಿ
ಪೂರ್ತಿ ಒಪ್ಪುತ್ತೇನೆ. ಒಂದು ತಿದ್ದುಪಡಿ, ನಾನು ಸರ್ ಅಲ್ಲ, ಮೇಡಂ.

ಕೋಚ್_ಬೆಳಗಾವಿ
ಕ್ಷಮಿಸಿ ಮೇಡಂ.

ಬರೀ_ಸ್ಪಾರಿಂಗ್
ಆಟ ಆಟ ಅಂತ ಹಗುರವಾಗಿ ಮಾಡಿದರೆ ನಿಜವಾದ ಒತ್ತಡ ಬಂದಾಗ ಮೈ ಕೈಕೊಡುತ್ತೆ. ಪೂರ್ತಿ ಜೋರಿನಲ್ಲಿ ಹೊಡೆತ ತಿನ್ನದೆ ಯಾವ ಎಚ್ಚರವೂ ನಿಲ್ಲಲ್ಲ.

ನೀಲಿಬೆಲ್ಟ್_ಅಕ್ಕ
ಇದಕ್ಕೆ ನನ್ನ ವಿರೋಧ ಇದೆ. ನಾನು ಮೊದಲು ಸೇರಿದ ಕ್ಲಬ್‌ನಲ್ಲಿ ಮೊದಲ ವಾರದಿಂದಲೇ ಪೂರ್ತಿ ಜೋರು. ನನಗಿಂತ ಮೂವತ್ತು ಕೆಜಿ ಜಾಸ್ತಿ ಇರುವವರು ಬರೀ ಬಲದಿಂದ ಒತ್ತುತ್ತಿದ್ದರು. ನನ್ನ ಮೈ ಕಲಿತದ್ದು ಒಂದೇ: ಮುದುಡಿಕೊಳ್ಳೋದು. ಯಾರಾದರೂ ಕೈ ಎತ್ತಿದರೆ ಕಣ್ಣು ಮುಚ್ಚಿ, ಭುಜ ಕಿವಿಗೆ ಏರಿ, ಉಸಿರು ನಿಲ್ಲುತ್ತಿತ್ತು. ಇದೂ ಯೋಚನೆ ಇಲ್ಲದೆ ಆಗೋದೇ. ಮೈಗೆ ಬಿಟ್ಟರೆ ಮೈ ಒಳ್ಳೆಯದನ್ನೇ ಮಾಡುತ್ತೆ ಅಂತ ಯಾಕೆ ಅಂದುಕೊಳ್ಳಬೇಕು? ಯಾವುದನ್ನು ಮತ್ತೆ ಮತ್ತೆ ಮಾಡಿಸುತ್ತೀರೋ ಅದನ್ನೇ ಕಲಿಯುತ್ತೆ.

ಎರಡನೇ ಕ್ಲಬ್‌ನಲ್ಲಿ ಒಬ್ಬರು ಹಿರಿಯರು ಸಿಕ್ಕರು. ಅರ್ಧ ವೇಗ, ಅರ್ಧ ಬಲ, ಆದರೆ ಸುಳ್ಳು ಬೀಳೋದಿಲ್ಲ. ನನ್ನ ಪಟ್ಟು ಸರಿಯಿದ್ದರೆ ಮಾತ್ರ ಬೀಳುತ್ತಿದ್ದರು. ಸರಿಯಿಲ್ಲದಿದ್ದರೆ ಸುಮ್ನೆ ನಿಂತು ನಗುತ್ತಿದ್ದರು. ಭಯ ಇಳಿದ ಮೇಲೆಯೇ ಅವರ ಭಾರ ನನ್ನ ಕೈಗೆ ತಿಳಿದದ್ದು. ಜೋರು ಆಮೇಲೆ ಬಂತು, ತಾನಾಗೇ ಏರಿತು. ಜೊತೆಗಾರರನ್ನು ಆರಿಸಿಕೊಳ್ಳೋದು ಎಲ್ಲದಕ್ಕಿಂತ ದೊಡ್ಡ ವಿಷಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಟ್ಟಿಮಣ್ಣು
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಹಳೇ ಪೈಲ್ವಾನರು ಹುಡುಗರ ಜೊತೆ ಹೀಗೇ ಆಡಿಸುತ್ತಿದ್ದರು. ದಸರೆ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರಲ್ಲ, ಅಲ್ಲಿ ಸಮ ತೂಕ, ಸಮ ಅನುಭವ ನೋಡೋದು ಜನಕ್ಕೆ ಒಳ್ಳೆ ಆಟ ಸಿಗಲಿ ಅಂತ ಮಾತ್ರ ಅಲ್ಲ, ಹುಡುಗ ಹೆದರಿ ಕೆಟ್ಟುಹೋಗಬಾರದು ಅಂತಲೂ.

ಬರೀ_ಸ್ಪಾರಿಂಗ್
ಸರಿ, ಹೊಸಬರಿಗೆ ಒಪ್ಪಿದೆ. ಆದರೆ ಅರ್ಧ ಬಲದಲ್ಲೇ ವರ್ಷಗಟ್ಟಲೆ ಇರಬೇಡಿ, ಅದು ನನ್ನ ಮಾತು.

ನೀಲಿಬೆಲ್ಟ್_ಅಕ್ಕ
ಅದಕ್ಕೆ ಯಾರ ತಕರಾರೂ ಇಲ್ಲ.

ಹೊಸ_ಪೈಲ್ವಾನ್
ಬಾದಾಮಿ ಹಾಲು, ಮೊಟ್ಟೆ ತಿಂದರೆ ರಿಫ್ಲೆಕ್ಸ್ ಜಾಸ್ತಿ ಆಗುತ್ತಾ?

ಫಿಸಿಯೋ_ಹುಬ್ಬಳ್ಳಿ
ಊಟ ಶಕ್ತಿಗೆ, ಸ್ನಾಯುವಿಗೆ ಒಳ್ಳೆಯದು. ನೀವು ಕೇಳುತ್ತಿರುವುದಕ್ಕೆ ನಿದ್ದೆ ನೋಡಿಕೊಳ್ಳಿ. ಹೊಸ ಚಲನೆ ಕಲಿತ ಮೇಲೆ ಮೆದುಳು ಅದನ್ನು ಗಟ್ಟಿ ಮಾಡಿಕೊಳ್ಳೋದರಲ್ಲಿ ನಿದ್ದೆಯ ಪಾಲು ದೊಡ್ಡದು. ನಿದ್ದೆಗೆಟ್ಟರೆ ಪ್ರತಿಕ್ರಿಯೆಯೂ ನಿಧಾನ.

ಮಲ್ಲೇಶ್ವರ_ಮ್ಯಾಟ್
ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಕೋಚ್ ಹತ್ತಿರ ಮಾತಾಡಿದೆ. ರಾಂದೋರಿಗೆ ಮುಂಚೆ ಹಿಡಿತ ಹಿಡಿದು ಬರೀ ನಡೆದಾಡುವ ಅಭ್ಯಾಸ ಮಾಡಿಸುತ್ತೇನೆ ಅಂದಿದ್ದಾರೆ. ಪಟ್ಟು ಒಂದೇ, ಕಾಲು ಗುಡಿಸೋದು. ಕಣ್ಣಿಗೆ ಬಟ್ಟೆ ಕಟ್ಟೋದಕ್ಕೆ ಇನ್ನೂ ಒಪ್ಪಿಲ್ಲ, ಉಕೆಮಿ ಇನ್ನೂ ಸ್ವಲ್ಪ ಸರಿಹೋಗಲಿ ಅಂದರು.

ಕತ್ತಲಲ್ಲಿ_ಜೂಡೋ
ಅವರು ಹೇಳಿದ್ದು ಸರಿ. ಆತುರ ಬೇಡ. ಅಲ್ಲಿಯವರೆಗೆ ನಡೆದಾಡುವಾಗ ಕಣ್ಣನ್ನು ಎದುರಿನವರ ಭುಜದಾಚೆ ದೂರಕ್ಕೆ ಇಡಿ. ಕಾಲು ನೋಡೋ ಚಟ ತಪ್ಪುತ್ತೆ.

ಧಾರವಾಡದ_ಅವ್ವ
ನನ್ನ ಮಗಳಿಗೆ ಎಂಟು ವರ್ಷ. ಸಾಲಾಗಿ ನಿಲ್ಲಿಸಿ ಮಾಡಿಸೋ ಕ್ಲಾಸ್ ಅವಳಿಗೆ ಬೇಜಾರು, ಕುಸ್ತಿ ಅಂದರೆ ಇಷ್ಟ. ಹೆಣ್ಣುಮಕ್ಕಳನ್ನು ಗರಡಿಗೆ ಸೇರಿಸುತ್ತಾರಾ?

ಮಟ್ಟಿಮಣ್ಣು
ಹಲವು ಹಳೇ ಗರಡಿಗಳಲ್ಲಿ ಹೆಣ್ಣುಮಕ್ಕಳು ಮಟ್ಟಿಗೆ ಇಳಿಯೋ ಹಾಗಿಲ್ಲ ಅನ್ನೋ ಕಟ್ಟುಪಾಡು ಇನ್ನೂ ಇದೆ ಅಕ್ಕ. ಅದು ಬದಲಾಗಬೇಕು ಅನ್ನೋದು ನನ್ನ ಆಸೆ. ಮಹಿಳಾ ಕುಸ್ತಿ 2004ರಿಂದ ಒಲಿಂಪಿಕ್ಸ್‌ನಲ್ಲಿದೆ, ಸಾಕ್ಷಿ ಮಲಿಕ್ 2016ರಲ್ಲಿ ರಿಯೋದಲ್ಲಿ ಕಂಚು ತಂದರು. ದಸರೆಯಲ್ಲೂ ಹೆಣ್ಣುಮಕ್ಕಳ ಕುಸ್ತಿ ನಡೆಯುತ್ತೆ. ಸದ್ಯಕ್ಕೆ ಮ್ಯಾಟ್ ಇರುವ ಕಡೆ ನೋಡಿ.

ಕೋಚ್_ಬೆಳಗಾವಿ
ಸೇರಿಸುವ ಮುಂಚೆ ಒಂದು ಸಂಜೆ ಹೋಗಿ ಕುಳಿತು ನೋಡಿ ಅವ್ವ. ಮಕ್ಕಳು ಎಷ್ಟು ಹೊತ್ತು ಸಾಲಿನಲ್ಲಿ ನಿಂತಿರುತ್ತಾರೆ, ಎಷ್ಟು ಹೊತ್ತು ಇನ್ನೊಂದು ಮಗುವನ್ನು ಹಿಡಿದು ಆಡುತ್ತಾರೆ ಅಂತ ಗಮನಿಸಿ. ಉರುಳೋದು, ಬೀಳೋದು ಮೊದಲು ಕಲಿಸುತ್ತಾರಾ ಕೇಳಿ. ಸಮ ತೂಕದ ಜೊತೆ ಕೊಡುತ್ತಾರಾ ಕೇಳಿ. ಅತ್ತ ಮಗುವನ್ನು ಹೇಗೆ ಮಾತಾಡಿಸುತ್ತಾರೆ ಅಂತಲೂ ನೋಡಿ.

ಧಾರವಾಡದ_ಅವ್ವ
ಛಲೋ ಆಯ್ತು ಸರ್. ಶನಿವಾರ ಎರಡು ಕಡೆ ಹೋಗಿ ನೋಡಿ ಬರುತ್ತೇನೆ. ಮಂಡಿಗೆ ಪ್ಯಾಡ್ ಈಗಲೇ ಕೊಡಿಸಲಾ?

ಕೋಚ್_ಬೆಳಗಾವಿ
ಈಗ ಬೇಡ. ಉಗುರು ಕತ್ತರಿಸಿ ಕಳಿಸಿ, ಸಾಕು.